ಮೂರನೇ ಮೋರಿ

ಐದೂವರೆಗೆ ಹಿನ್ನೀರಿನ ಮೇಲೆ ಮಂಜು,
ದೋಣಿಗೆ ತನ್ನ ಮೂಗೇ ಕಾಣದಷ್ಟು.
ಮೂವರೂ ಹೇಳಿದ ಹೊತ್ತಿಗೇ ಬಂದು ನಿಂತಿದ್ದರು.
ಪಳಗಿದವರ ಮೊದಲ ಗುರುತು ಅದು.
ಇನ್ನೊಂದು: ಯಾರೂ ಕೇಳಲಿಲ್ಲ,
"ಮೀನು ಸಿಗ್ತದಾ ದ್ಯಾವಕ್ಕ?"

ಹೊನ್ನಾವರದ ಅಳಿವೆಯಲ್ಲಿ ಕುರುಡೆ ಹಿಡಿದವರು,
ಉಪ್ಪು ತಿಂದು ಬಣ್ಣಗೆಟ್ಟ ರೀಲಿನವರು:
ಭದ್ರಾವತಿ ಕಾರ್ಖಾನೆಯಿಂದ ನಿವೃತ್ತರಾದ ಪಿರೇರಾ ಸಾಹೇಬರು,
ಡಾಕ್ಟರ್ ಉತ್ತಯ್ಯ,
ಮತ್ತೆ ಸಾಗರದ ಗಡಿಯಾರ ರಿಪೇರಿ ಫಕ್ರುದ್ದೀನ್,
ದಿನವಿಡೀ ಅವರು ಆಡಿದ್ದು ಏಳೆಂಟು ಮಾತು.

ರಶೀದಿ ಪುಸ್ತಕದಲ್ಲಿ ನನ್ನ ಹೆಸರಿನ ಕೆಳಗೆ "ಗೈಡ್" ಎಂದು ಅಚ್ಚಾಗಿದೆ.
ಊಟ ಸೇರಿ ದಿನಕ್ಕೆ ಇಷ್ಟು.
ಮೀನಿಗೆ ಖಾತ್ರಿಯಿಲ್ಲ, ಅದೂ ಅಚ್ಚಾಗಿದೆ.

ಡಾಕ್ಟರರ ಬಳಿ ಒಂದು ಯಂತ್ರ,
ನೀರಿನ ತಳವನ್ನು ಹಸಿರು ಗೆರೆಯಾಗಿ ಬರೆಯುತ್ತದೆ.
ಮೂವತ್ತೆರಡು ಅಡಿ ಎಂದಿತು. ಸರಿಯೇ.
ನಾವು ರಸ್ತೆಯ ಮೇಲಿದ್ದೇವೆಂದು ಮಾತ್ರ
ಅದಕ್ಕೆ ಗೊತ್ತಾಗಲಿಲ್ಲ.

ಅಪ್ಪ ಗಾಡಿ ಹೊಡೆದ ರಸ್ತೆ.
ನೀರು ಏರಿದಾಗ ನಾನಿನ್ನೂ ಹುಟ್ಟಿರಲಿಲ್ಲ.
ಆಮೇಲೆ ಅವ ಅದನ್ನು ನನಗೆ ಮಗ್ಗಿಯಂತೆ ಬಾಯಿಪಾಠ ಮಾಡಿಸಿದ:
ಹೊನ್ನೆಮರ ದಾಟಿ ಎಡಕ್ಕೆ,
ಇಳಿಜಾರು, ಎತ್ತಿನ ಹಗ್ಗ ಬಿಗಿಹಿಡಿ,
ಮೊದಲ ಮೋರಿ, ಲಾಳದಂಥ ತಿರುವು, ಎರಡನೇ ಮೋರಿ,
ಒಂದು ಬೀಡಿ ಸೇದಿ ಮುಗಿಸುವಷ್ಟು ದೂರ,
ಮೂರನೆಯದು.
ನಾನು ಬೀಡಿ ಸೇದುವವಳಲ್ಲ.
ಮೋಟಾರು ಆರಿಸಿ ಹುಟ್ಟು ಎಣಿಸುತ್ತೇನೆ, ನೂರಾ ನಲವತ್ತು.

ಮೋರಿಯೊಳಗೆ ಕತ್ತಲು, ತಣ್ಣನೆ ಕಲ್ಲು.
ಬಾಳೆಮೀನು ಅಲ್ಲಿ ಬಾಯಿ ತೆರೆದು ಕೂತಿರುತ್ತದೆ,
ಚೆಕ್‌ಪೋಸ್ಟಿನವನ ಹಾಗೆ.

ಮೊದಲ ಮೋರಿಯಲ್ಲಿ ಏನಿಲ್ಲ. ಎರಡರಲ್ಲಿ
ಪಿರೇರಾ ಸಾಹೇಬರು ಬೀಸಿದ ಬೀಸು ನೋಡಬೇಕಿತ್ತು!
ದಾರ ಗಾಳಿಯಲ್ಲಿ ಅಕ್ಷರ ತಿದ್ದಿದಂತೆ.
ಆದರೆ ಕಡಲ ಕೈ, ಅವಸರದ ಎಳೆತ.
"ಇಲ್ಲಿ ಅಲೆ ಇಲ್ಲ ಸಾಹೇಬ್ರೆ,
ಎಳೆಯೋರು ನೀವೊಬ್ಬರೇ. ನಿಧಾನ."
ಅರವತ್ತೆಂಟರ ಮನುಷ್ಯ, ಶಾಲೆಯ ಹುಡುಗನಂತೆ ತಲೆಯಾಡಿಸಿದರು.

ಮಧ್ಯಾಹ್ನ ನಡುಗಡ್ಡೆಯಲ್ಲಿ ಕಡುಬು, ಕೆಂಪು ಚಟ್ನಿ.
ದೀಪಾವಳಿ ಕಳೆದಿದ್ದರೂ ಇಂಬಳ ಬಿಟ್ಟಿರಲಿಲ್ಲ.
ಡಾಕ್ಟರರ ಕಣಕಾಲಿಗೆ ಮೂರು.
ಸೆರಗಿನ ಗಂಟು ಬಿಚ್ಚಿ ಒಂದು ಚಿಟಿಕೆ ಉಪ್ಪು ಹಾಕಿದೆ.
"ನಿಮ್ಮ ಸಮುದ್ರ ನಮ್ಮಲ್ಲಿ ಇಷ್ಟೇ ಇರೋದು."
ಫಕ್ರುದ್ದೀನ್ ನಕ್ಕರು. ಅದನ್ನೂ ಒಂದು ಮಾತೆಂದೇ ಲೆಕ್ಕ ಹಿಡಿದಿದ್ದೇನೆ.

ನಾಲ್ಕರ ಬಿಸಿಲು ಓರೆಯಾದಾಗ ಮೂರನೇ ಮೋರಿ.
ಫಕ್ರುದ್ದೀನರ ಗಾಳ ಇಳಿಯಿತು,
ಗಡಿಯಾರದ ಹಲ್ಲು ತಿರುಗಿಸುವ ಬೆರಳು
ಒಂದೊಂದೇ ಸುತ್ತು, ತಡೆದು, ಇನ್ನೊಂದು ಸುತ್ತು,
ಆಮೇಲೆ ಕೋಲು ಬಾಗಿ ನೀರು ಕುಡಿಯಿತು.
ದೋಣಿ ತಿರುಗಿತು. ರೀಲು ಕಿರುಚಿತು.
ಇಪ್ಪತ್ತು ನಿಮಿಷ ಯಾರೂ ಎಲೆಯಡಿಕೆ ಉಗುಳಲಿಲ್ಲ.
ಮತ್ತೆ, ಎಲ್ಲ ನಿಂತಿತು.

ಮೀನು ಒಂದು ಕಡೆಯಿಂದ ಮೋರಿಗೆ ನುಗ್ಗಿ
ಇನ್ನೊಂದು ಕಡೆಯಿಂದ ಹೊರಟಿತ್ತು.
ದಾರ ಈಗ ರಸ್ತೆಯಡಿಯಲ್ಲಿ ಪೋಣಿಸಿಕೊಂಡಿದೆ.
"ಕತ್ತರಿಸಿ," ಎಂದರು ಡಾಕ್ಟರ್.
ಫಕ್ರುದ್ದೀನ್ ನನ್ನ ಮುಖ ನೋಡಿದರು,
ಏನು ಕಂಡಿತೋ, ದಾರವನ್ನು ನನ್ನ ಬೆರಳಿಗೆ ಕೊಟ್ಟರು.

ದೂರದಲ್ಲಿ ಜೀವ, ತುಡಿಯುತ್ತ.
ಹತ್ತಿರದಲ್ಲಿ ಕಲ್ಲಿನ ಅಂಚು, ಕರಕರ, ಕರಕರ.
ಅಲ್ಲಿ ಗಾಡಿಯ ಅಚ್ಚು ತಾಗುತ್ತಿತ್ತು ಅನ್ನುತ್ತಿದ್ದ ಅಪ್ಪ,
ಪ್ರತಿ ಸಲ ಬೈದುಕೊಂಡೇ ದಾಟುತ್ತಿದ್ದನಂತೆ.
ಐವತ್ತೇಳು ವರ್ಷ ಅದು ನನಗೆ ಬರೀ ಮಾತಾಗಿತ್ತು.

ಪಟ್ಟೆಂದು ಹರಿಯಿತು.
ಬೆರಳಿಗೆ ಒಂದು ಗೆರೆ, ಸಣ್ಣ ರಕ್ತ.

ದಡದಲ್ಲಿ ರಶೀದಿ ಬರೆದೆ: ಮೂವರು, ಪೂರ್ತಿ ದಿನ, ಮೀನು ಇಲ್ಲ.
ಪಿರೇರಾ ಸಾಹೇಬರು ಮುಂದಿನ ತಿಂಗಳ ತಾರೀಖು ಕೇಳಿದರು.
ಫಕ್ರುದ್ದೀನ್ ಕಾರಿನ ಬಾಗಿಲಲ್ಲಿ ನಿಂತು,
"ನೂರಾ ನಲವತ್ತು ಅಂದ್ರಲ್ವಾ?"
"ನನ್ನ ಕೈಗೆ ನೂರಾ ನಲವತ್ತು," ಎಂದೆ,
"ನಿಮ್ಮ ಕೈಗೆ ಎಷ್ಟೋ."